ಗೊಬ್ಬರಕ್ಕೆ ಹಾಕಿದ ಹೆಪ್ಪು

ಬೇಕರಿಯ ಒಲೆಯ ಮುಂದೆ ಆಯುಸ್ಸೆಲ್ಲ ಸವೆಸಿದವನಿಗೆ ಮಂಡಿ ಕೈಕೊಟ್ಟ ಮೇಲೆ ಅಕ್ಕನ ಮನೆಯೇ ಗತಿಯಾಯಿತು. ಗತಿ ಎಂಬ ಮಾತು ಅವನದು. ಅಕ್ಕ ಕೇಳಿಸಿಕೊಂಡಿದ್ದರೆ ಕಿವಿ ಹಿಂಡುತ್ತಿದ್ದಳು. ಕೊಟ್ಟಿಗೆ ತುಂಬ ಹಸುಗಳನ್ನು ಒಬ್ಬಳೇ ಸಾಕಿಕೊಂಡಿದ್ದ ಆಕೆಗೆ ತಮ್ಮ ಬಂದದ್ದು ಆನೆಬಲ ಬಂದಂತಾಗಿತ್ತು. ಅವನಿಗೋ ಹಾಲು ಕರೆಯಲು ಬಾರದು, ಹಸು ಕೊಂಬಾಡಿಸಿದರೆ ಎದೆ ಢವಢವ. ಕೂತು ತಿನ್ನುವವನಾದೆನಲ್ಲ ಎಂದು ಜಗಲಿಯ ಮೇಲೆ ಒಳಗೊಳಗೇ ಕೊರಗುತ್ತಿದ್ದ.

ಕೊಟ್ಟಿಗೆಯ ಹಿಂದೆ ಸಗಣಿ ಗುಡ್ಡೆ ಬಿದ್ದು ಗಬ್ಬು ನಾರುತ್ತಿತ್ತು. ಬೇಗ ಕಳಿತು ಗೊಬ್ಬರವಾಗಲೆಂದು ಅಕ್ಕ ಒಂದು ದಿನ ಸೂಕ್ಷ್ಮಜೀವಿಗಳ ದ್ರಾವಣದ ಬಾಟಲಿ ತಂದಳು.

"ಇದನ್ನ ಬೆಲ್ಲದ ನೀರಲ್ಲಿ ಕಲಸಿ ಕೆಲವು ದಿನ ಇಡಬೇಕಂತೆ. ಕಣ್ಣಿಗೆ ಕಾಣದ ಜೀವಿಗಳು ಬೆಳೀತಾವಂತೆ ಕಣೋ."

"ಹೆಪ್ಪು ಹಾಕಿದ ಹಾಗೆ ಅನ್ನು! ನಮ್ಮ ಹಿಟ್ಟು ಉಬ್ಬಿಸೋ ಈಸ್ಟಿನ ನೆಂಟರೇ ಇವು. ಕೊಡಿಲ್ಲಿ."

ದ್ರಾವಣ ಕಲಸಿ ಕೊಟ್ಟಿಗೆಯ ಮೂಲೆಯಲ್ಲಿಟ್ಟ ಡ್ರಮ್ಮಿನ ಆರೈಕೆ ಅಂದಿನಿಂದ ಅವನದಾಯಿತು. ಚಳಿಯಾದೀತೆಂದು ತನ್ನ ಕಂಬಳಿಯನ್ನೇ ಹೊದಿಸಿದ. "ಪಾಪ, ಹಸಿದಿರ್ತಾವೆ" ಎಂದು ಬೆಲ್ಲವನ್ನೂ ಹೆಚ್ಚಾಗಿಯೇ ಹಾಕಿದ. ಅವನು ಸಡಿಲವಾಗಿಟ್ಟಿದ್ದ ಮುಚ್ಚಳವನ್ನು ಮಾತ್ರ ಅಕ್ಕ, ನೊಣ ಬಿದ್ದೀತೆಂದು ಬಿಗಿಯಾಗಿ ತಿರುಗಿಸಿಬಿಟ್ಟಳು.

ಮೂರನೆಯ ದಿನ ಬೆಳಿಗ್ಗೆ ಕೊಟ್ಟಿಗೆಯಿಂದ ಢಬ್ ಎಂದು ಸದ್ದು ಬಂತು. ಹಸುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಮಂಡಿನೋವು ಮರೆತು ಅವನು ಓಡಿಬಂದ. ಮುಚ್ಚಳ ತೆಗೆಯಲು ಹೋದ ಅಕ್ಕ ತಲೆಯಿಂದ ಸೆರಗಿನ ತನಕ ನೆನೆದು ನಿಂತಿದ್ದಳು.

"ನಿನ್ನ ನೆಂಟರು ನನ್ನ ಮುಖಕ್ಕೇ ಉಗಿದ್ರಲ್ಲೋ!"

"ಉಬ್ಬೋವರಿಗೆ ಉಸಿರಾಡೋಕೆ ಬಿಡದಿದ್ರೆ ಇನ್ನೇನು ಮಾಡ್ತಾರೆ ಅಕ್ಕಾ?"

ಅವಳು ನಗತೊಡಗಿದಳು. ಅವನೂ ನಕ್ಕ. ಈ ಮನೆಗೆ ಬಂದ ಮೇಲೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು.

ಅಳಿದುಳಿದ ದ್ರಾವಣದಲ್ಲಿ ಅರ್ಧವನ್ನು ಗುಡ್ಡೆಗೆ ಸುರಿದು ಕಾದರು. ಕಳಿಯುವ ಕಾವೇ ಏಳದೆ ಗುಡ್ಡೆ ತಣ್ಣಗೆ ಬಿದ್ದೇ ಇತ್ತು. "ಹಾಳಾಗಿ ಹೋಗ್ಲಿ ಬಿಡು" ಎಂದಳು ಅಕ್ಕ. ಅವನು ಬಿಡಲಿಲ್ಲ. ಮೂಗು ಮುಚ್ಚಿಕೊಂಡು ಸಗಣಿಗೆ ಕೈಹಾಕಿ ಒಂದು ಹಿಡಿ ಹಿಂಡಿದ. ನೀರು ತೊಟ್ಟಿಕ್ಕಿತು.

"ನೀರು ಹೆಚ್ಚಾಗಿದೆ ಅಕ್ಕಾ, ಗಾಳೀನೂ ಆಡ್ತಿಲ್ಲ. ಒಣಹುಲ್ಲು, ಜೋಳದ ದಂಟು ಏನಿದ್ಯೋ ಎಲ್ಲಾ ಕೊಡು."

ಅವನು ಸ್ಟೂಲಿನ ಮೇಲೆ ಕೂತು ದಂಟು ಕತ್ತರಿಸಿದ. ಅಕ್ಕ ಸಲಿಕೆಯಿಂದ ಗುಡ್ಡೆಯನ್ನು ಬುಡಮೇಲು ಮಾಡಿದಳು. ಹುಲ್ಲು, ದಂಟು, ಸಗಣಿ ಬೆರೆತಂತೆಲ್ಲ ಅವನು ಮಿಕ್ಕ ದ್ರಾವಣ ಚಿಮುಕಿಸುತ್ತ ಹೋದ. ಇಬ್ಬರೂ ಜಗಳವಾಡಿದರು, ಬೆವರಿದರು, ಒಂದೇ ಚೊಂಬಿನ ನೀರು ಕುಡಿದರು.

ಎರಡು ದಿನ ಕಳೆದು ಗುಡ್ಡೆಯ ನೆತ್ತಿಯಿಂದ ಬಿಳಿಯ ಹಬೆ ಎದ್ದಿತು. ಅಕ್ಕ ಕೈ ತೂರಿಸಿ, "ಅಯ್ಯಯ್ಯೋ, ಸುಡುತ್ತೆ ಕಣೋ!" ಎಂದು ಕೈ ಕೊಡವಿಕೊಂಡಳು. ಅವನು ಹಬೆಗೆ ಅಂಗೈಗಳನ್ನು ಒಡ್ಡಿ ಬಹಳ ಹೊತ್ತು ನಿಂತೇ ಇದ್ದ.

ಮಧ್ಯೆ ಮಧ್ಯೆ ಮಗುಚಿ ಹಾಕುತ್ತ ಹೋದಂತೆ ವಾಸನೆ ಇಳಿಯಿತು, ಗುಡ್ಡೆ ಕುಗ್ಗಿತು. ಕೊನೆಗೆ ಕೈಯಲ್ಲಿ ಹಿಡಿದರೆ ಕಪ್ಪಗೆ, ಪುಡಿಪುಡಿಯಾಗಿ, ಮಣ್ಣಿನ ಘಮ. ಪಕ್ಕದ ತರಕಾರಿ ತೋಟದವಳು ಬೇಲಿಯಾಚೆಯಿಂದ ಇಣುಕಿ, "ನಮಗೂ ಒಂದು ಮೂಟೆ ಕೊಡಿ ಅಕ್ಕಾ" ಎಂದಳು.

"ನನ್ನನ್ನೇನು ಕೇಳ್ತೀಯ?" ಅಕ್ಕ ಹಾಲಿನ ಪಾತ್ರೆ ತೊಳೆಯುತ್ತಲೇ ಅಂದಳು. "ಅದು ನನ್ನ ತಮ್ಮನ ಗೊಬ್ಬರ. ಅವನು ಕೊಟ್ರೆ ಉಂಟು."

ಅವನು ಅಂಗಿಯ ತೋಳು ಮಡಿಸಿಕೊಂಡ. "ಕೊಡ್ತೀನಮ್ಮಾ. ಆದ್ರೆ ಮೂಟೆ ನೀನೇ ಹೊರಬೇಕು, ನನ್ನ ಮಂಡಿ ಸರಿಯಿಲ್ಲ."