ವಾಯೆಲುವಾ ಆಡದ ಮಾತು

ಸಮೋವಾ ದ್ವೀಪದ ಹಳ್ಳಿಯೊಂದರಲ್ಲಿ, ಭಾನುವಾರದ ಪ್ರಾರ್ಥನೆ ಮುಗಿಸಿ ಬಂದ ಫಿಲೀಪೊ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ತಂಗಿ ಫುವಾಟಿನೊ ಬಿಸಿಕಲ್ಲಿನಲ್ಲಿ ಬೆಂದ ಕೆಸುವಿನ ಗಡ್ಡೆ ಬಡಿಸಿದಳು. ಅವಳು ಊರ ಶಾಲೆಯ ಟೀಚರು. ಅವನು ಊರ ಮುಖಂಡರ ಸಭೆಯ ಪರವಾಗಿ ಮಾತಾಡುವವನು.

"ನಾಳೆ ಸಭೇಲಿ ತೋಮಾಸಿ ಕಥೆ ಮುಗೀತು ನೋಡು," ಅಂದ.

"ಹೋದ ಭಾನುವಾರ, ಪ್ರಾರ್ಥನೆ ದಿನ ಮೀನು ಹಿಡಿದದ್ದಕ್ಕೆ ಒಂದು ಹಂದಿ ದಂಡ ಅಷ್ಟೇ ಅಲ್ವೇನಣ್ಣಾ? ಅವನ ಮಗೂಗೆ ಹುಷಾರಿರ್ಲಿಲ್ಲ ಪಾಪ."

"ಮೀನಿಗೆ ಹಂದಿ. ಹಿರಿಯರಿಗೆ ಎದುರು ಮಾತಾಡಿದ್ದಕ್ಕೆ? ಇದನ್ನೋದು." ಫೋನು ಮುಂದೆ ಹಿಡಿದ. 'ಊರ ಮಾತು ಮೀರಿದವನಿಗೆ ಊರ ನೀರೂ ಸಲ್ಲದು — ಮುಖಂಡ ವಾಯೆಲುವಾ.' "ತೀರಿಕೊಂಡ ದೊಡ್ಡವರ ಮಾತು. ಮನೆಮಂದಿನೆಲ್ಲ ಊರಾಚೆ ಹಾಕೋದೇ."

ಫುವಾಟಿನೊ ಆ ಸಾಲನ್ನು ಗುರುತಿಸಿದಳು. ಅದಿದ್ದದ್ದು ಅಂತರ್ಜಾಲದಲ್ಲಿ, ಯಾರು ಬೇಕಾದರೂ ಬರೆಯಬಹುದಾದ, ನೂರಾರು ಭಾಷೆಗಳ ನುಡಿಸಂಗ್ರಹದ ತಾಣದಲ್ಲಿ. ಸಮೋವಾ ಭಾಷೆಯ ಪುಟ ಬಡವಾಗಿದೆಯಲ್ಲಾ ಎಂದು ಬೇಜಾರಾಗಿ, ಒಂದು ಸಂಜೆ ಈ ಸಾಲನ್ನು ಅವಳೇ ಹೆಣೆದು ವಾಯೆಲುವಾ ಹೆಸರಿಗೆ ಕಟ್ಟಿದ್ದಳು. 'ಎಲ್ಲಿ ಹೇಳಿದ್ದು, ಕೇಳಿದವರು ಯಾರು?' ಎಂದು ಆಕ್ಲೆಂಡಿನ ಸದಸ್ಯನೊಬ್ಬ ಕೇಳಿದಾಗ ಉತ್ತರ ಕೊಡದೆ ಜಾರಿಕೊಂಡಿದ್ದಳು.

"ಯಾರೋ ಸುಮ್ಮನೆ ಬರೆದಿದ್ರೆ?" ಅಂದಳು.

"ಆರು ಭಾಷೇಲಿದೆ ಕಣೇ! ಆರೂ ಸುಳ್ಳಾ? ಊರಿಗೆ ಕಟ್ಟುಪಾಡು ಬೇಡ್ವಾ? ಇವತ್ತು ಇವನು, ನಾಳೆ ಇನ್ನೊಬ್ಬ."

ಅವನು ಹೋದದ್ದೇ ತಡ, ಆ ಸಾಲು ಅಳಿಸಿದಳು. ಬೇರೆ ಸದಸ್ಯರು ಅನುವಾದಿಸಿದ್ದ ಉಳಿದ ಐದು ಭಾಷೆಗಳಲ್ಲಿ ಅದು ಹಾಗೇ ಇತ್ತು. ಫಿಲೀಪೊನ ಫೋನಿನಲ್ಲೂ ಚಿತ್ರವಾಗಿ ಉಳಿದಿತ್ತು. ತೋಮಾಸಿಯ ಮನೆಯಂಗಳದಲ್ಲೇ ಅವನ ಅಪ್ಪನ ಗೋರಿ. ಅದನ್ನು ಬಿಟ್ಟು, ಜ್ವರದ ಮಗುವನ್ನು ಎತ್ತಿಕೊಂಡು ಅವರು ಎಲ್ಲಿಗೆ ಹೋಗಬೇಕು? ಬಾಯಿ ಬಿಟ್ಟರೆ ಸತ್ತವರ ಹೆಸರು ಕೆಡಿಸಿದವಳೆಂದು ಊರು ತನ್ನನ್ನೇ ಆಚೆ ಹಾಕುತ್ತದೆ. ಅಯ್ಯೋ, ಎಂಥ ಕೆಲಸ ಮಾಡಿಕೊಂಡೆ!

ಸೋಮವಾರ ನಸುಕಿನಲ್ಲಿ ಅಮ್ಮ ನೇಯ್ದಿದ್ದ ನಯವಾದ ಚಾಪೆಯನ್ನು ತಲೆಯ ಮೇಲೆ ಹೊದ್ದು ತೋಮಾಸಿಯ ಅಂಗಳದಲ್ಲಿ ಕುಳಿತಳು. ತಪ್ಪು ಮಾಡಿದವರು ಕ್ಷಮೆ ಬೇಡುವ ಹಳೆಯ ಪದ್ಧತಿ ಅದು; ಹಾಗೆ ಕುಳಿತವರನ್ನು ಕ್ಷಮಿಸುವುದೋ ಕಲ್ಲೆತ್ತುವುದೋ ನೊಂದವರ ಇಷ್ಟ. ಚಾಪೆಯೊಳಗಿನ ಕತ್ತಲಲ್ಲಿ ಅವಳು ಕಾಯುತ್ತಿದ್ದಳು.

"ತಂಗೀ, ಇದೇನು ಹುಚ್ಚು? ಸಭೆಗೆ ಹೋಗೋರೆಲ್ಲ ನೋಡ್ತಿದ್ದಾರೆ, ಏಳು!" ಫಿಲೀಪೊನ ದನಿ.

"ಅದು ವಾಯೆಲುವಾ ಮಾತಲ್ಲಣ್ಣಾ. ನಾನು ಕಟ್ಟಿದ್ದು. ಈ ಮನೆಯವರ ಕುತ್ತಿಗೆಗೇ ಬಂತು."

ಅವನು ಹೊರಟೇಹೋದ ಎಂದುಕೊಂಡಳು. ಅಷ್ಟರಲ್ಲಿ ಚಾಪೆಯ ಅಂಚು ಮೇಲೆದ್ದಿತು.

"ಸ್ವಲ್ಪ ಆ ಕಡೆ ಸರಿ," ಅಂದ ಫಿಲೀಪೊ, ತಲೆ ಬಗ್ಗಿಸಿ ಪಕ್ಕದಲ್ಲಿ ಕೂರುತ್ತ. "ನೀನು ಬರೆದೆ. ಊರಿಗೆಲ್ಲ ಓದಿ ಹೇಳಿದೋನು ನಾನು."

ಮನೆಯೊಳಗಿಂದ ಹೆಜ್ಜೆಸಪ್ಪಳ ಹತ್ತಿರ ಬಂತು. ಫುವಾಟಿನೊ ಅಣ್ಣನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದಳು. ಚಾಪೆಯನ್ನು ಯಾರೋ ಪೂರ್ತಿ ಎತ್ತಿದರು. ತೋಮಾಸಿಯ ಮುದಿ ತಾಯಿ ಸಿನೀವಾ. ಕೈಯಲ್ಲಿ ಕಲ್ಲಿರಲಿಲ್ಲ.

"ಎಲ್ಲ ಕೇಳಿಸ್ಕೊಂಡೆ. ಏಳವ್ವಾ," ಎಂದು ರಟ್ಟೆ ಹಿಡಿದೆಬ್ಬಿಸಿದಳು. "ನಡೀ, ಸಭೆಗೆ ಹೊತ್ತಾಯ್ತು. ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳು. ನಾನು ನಿನ್ನ ಪಕ್ಕದಲ್ಲೇ ಕೂತಿರ್ತೀನಿ."