ಅಕ್ಕ್ ಅಂದದ್ದು ಏಸಿಗೆ

ನೀಲಿ, ತಂತಿಯ ಮೇಲೊಂದು ಚೂರು ನೀಲಿ, ಮಿಂಚುಳ್ಳಿ ಇರಬೇಕು, ಹೆಮ್ಮಾಡಿಯ ಗದ್ದೆ ದಾಟುವಷ್ಟರಲ್ಲಿ ಹಿಂದೆ ಹೋಯಿತು, ಗಾಜು ಇಳಿಸೋಣವೆಂದರೆ ಗುಂಡಿ ಒತ್ತಿದರೂ ಇಳಿಯುವುದಿಲ್ಲ, ಹಿಂದಿನ ಬಾಗಿಲಿಗೆ ಮಕ್ಕಳು ಬೀಳದ ಹಾಗೆ ಬೀಗ, ಎಲ್ಲವೂ ಅಕ್ಷಯನ ಕೈಯಲ್ಲಿ, ಮುಂಬೈಯಿಂದ ಹೆಣ್ಣು ನೋಡಲು ಬಂದವನು, ಮನೆಯಲ್ಲಿ ಕೂತು ಅವಲಕ್ಕಿ ತಿಂದದ್ದು ಸಾಲದೆ ಕೊಲ್ಲೂರು ಕಾಡಿನ ರಸ್ತೆಯಲ್ಲಿ ಹಕ್ಕಿ ತೋರಿಸುತ್ತಾನಂತೆ, ಕಾವಲಿಗೆ ಅಪ್ಪನ ತಂಗಿ ಸುಗುಣತ್ತೆ ಮುಂದಿನ ಸೀಟಿನಲ್ಲಿ — ಮತ್ತೆ ಫೋನು, ಹ್ವಾಯ್ ಅಣ್ಣ, ಹೆಣ್ಣ್ ಅಕ್ಕ್ ಅಂದೇಳಿ ಹೇಳ್ತ್, ನಾನೇ ಕೇಂಡದ್ದ್ — ಅಯ್ಯೋ ಅತ್ತೆ, ನಾನು ಅಕ್ಕ್, ಆಗಬಹುದು, ಅಂದದ್ದು ಏಸಿಗೆ! ಏಸಿ ಹಾಕ್ತೆ, ಅಕ್ಕಾ ಅಂತ ಅವನು, ಅದೇ ಉಸಿರಿಗೆ ನೀವು ಇತ್ತ ತಿರುಗಿ, ಹುಡ್ಗ ಅಕ್ಕಾ ಹೆಣೆ ಅಂತ, ನಾನು ಅಕ್ಕ್ ಅಂದೆ, ಬೆವರು ಇಳಿಯುತ್ತಿತ್ತು, ಮದುವೆ ಯಾರಿಗೆ ನೆನಪಿತ್ತು, ನಮ್ಮ ಭಾಷೆಗೆ ಬೆಂಕಿ ಬೀಳಲಿ, ಗಾಳಿಗೂ ಗಂಡನಿಗೂ ಒಂದೇ ಮಾತು.

ನನಗೆ ಈ ಮದುವೆ ಬೇಡ. ಇವನು ಕೆಟ್ಟವನಲ್ಲ, ಅದೇ ಪೀಕಲಾಟ, ಕೆಟ್ಟವನಾಗಿದ್ದರೆ ಬೈದು ಬಿಡಬಹುದಿತ್ತು, ನವಿಲು ಅಡ್ಡ ಬಂದರೆ ಹಾರ್ನ್ ಹಾಕದೆ ಕಾಯುತ್ತಾನೆ, ಆದರೆ ನಾವುಂದದ ನನ್ನ ಹೊಲಿಗೆ ಅಂಗಡಿ, ಮಿಷನ್ನು ನಿಲ್ಲಿಸಿದ ಕೂಡಲೇ ಕೇಳುವ ಕಡಲು, ಅದನ್ನು ಮುಚ್ಚಿ ಮುಂಬೈಯ ಭಾಂಡೂಪಿನಲ್ಲಿ ಅವನ ನಾಲ್ಕನೇ ಮಹಡಿಗೆ ಹೋಗಿ ಏನು ಮಾಡಲಿ, ಅಪ್ಪ ಈಗಾಗಲೇ ಬಂದರಿನಲ್ಲಿ ಎಲ್ಲರಿಗೂ ಸಾರಿರುತ್ತಾನೆ, ಅತ್ತೆಯ ಮಡಿಲಲ್ಲಿ ಮಲ್ಲಿಗೆ ಚೆಂಡು, ಕೊಲ್ಲೂರು ದೇವಿಯ ಮುಂದೆ ಮುಡಿಸಿದರೆ ಮುಗಿಯಿತು, ಆಮೇಲೆ ಏಸಿ ಗೀಸಿ ಎಂದರೆ ಯಾರು ಕೇಳುತ್ತಾರೆ, ಕೊಲ್ಲೂರಿಗೆ ಮುಂಚೆ ಹೇಳಲೇಬೇಕು — ಕಾರು ನಿಂತಿತು, ಕಾಣಿ, ಮಂಗಟ್ಟೆ ಹಕ್ಕಿ, ಅಕ್ಷಯನ ಪಿಸುಮಾತು, ಭಾರೀ ಮರ, ಪೊಟರೆಯ ಬಾಯಿಗೆ ಮಣ್ಣು ಮೆತ್ತಿ ಒಂದೇ ಒಂದು ಸೀಳು, ಹೆಣ್ಣ್ ಒಳಗಿತ್ತ್, ಮರಿ ದೊಡ್ಡ ಆಪಲ್ಲಿವರಿಗೂ ಹೊರಗ್ ಬಪ್ದಿಲ್ಲ, ಗಂಡೇ ತಂದ್ ಕೊಡುದ್ — ಎಷ್ಟ್ ಚಂದ ಸಾಕತ್ತ್ ಕಾಣ್ ಹೆಣೆ, ಅಂತ ಅತ್ತೆ — ರೆಕ್ಕೆಯ ಸದ್ದು ಗಾಜಿನೊಳಗೂ ಕೇಳಿತು, ಸೀಳಿನಲ್ಲಿ ಕೊಕ್ಕಿನ ತುದಿ, ಹಣ್ಣು, ಒಳಗೆ, ಮತ್ತೆ ಕೊಕ್ಕು, ಚಂದವೇ, ಸುಳ್ಳಲ್ಲ, ನನಗೆ ಮಾತ್ರ ಉಸಿರು ಕಟ್ಟುತ್ತಿದೆ, ಈಗ ಹೇಳು ಅಮಿತಾ, ಈಗ ಹೇಳದಿದ್ದರೆ ಸತ್ತೆ ನೀನು —

ನಂಗ್ ಆತಿಲ್ಲ! ಗಟ್ಟಿಯಾಗಿಯೇ ಅಂದೆ, ಇಬ್ಬರೂ ತಿರುಗಿದರು, ಅಯ್ಯಬ್ಬ, ಅಂತೂ ಹೇಳಿದೆ — ಎಂತ ವಾಂತಿ ಬತ್ತಾ, ತಿರುವಿನ್ ರಸ್ತಿ ಅಲ್ದಾ — ಅಲ್ಲ ಅತ್ತೆ, ನಂಗ್ ಆತಿಲ್ಲ — ಗೊತ್ತಾಯ್ತ್ ಮಾರಾಯ್ತಿ, ಮೊಖ ಕಂಡ್ರೇ ಗೊತ್ತಾತ್ತ್ — ಆಗುವುದಿಲ್ಲ ಎಂದರೆ ಹೊಟ್ಟೆಗೇ ಆಗದಿರಬೇಕೇ, ಅವನು ಗಾಬರಿಯಿಂದ ಗುಂಡಿ ಒತ್ತಿ ಇಳಿದು ಓಡಿ ಬರುತ್ತಿದ್ದಾನೆ, ನನ್ನ ಕಿಟಕಿಯ ಗಾಜು ನಾಲ್ಕು ಬೆರಳು ಸರಿದು ನಿಂತಿದೆ, ಅಷ್ಟ್ ಸಾಕ್, ಮಂಗ ನುಗ್ಗತ್ತ್, ಅಂತ ಅತ್ತೆ, ಒಣ ಎಲೆಯ ವಾಸನೆ, ಗಾಳಿ, ನಾನು ಸೀಳಿಗೆ ಮುಖ ಒತ್ತಿದ್ದೇನೆ, ಅವನ ಕೈಯಲ್ಲಿ ವಾಂತಿ ನಿಲ್ಲಲೆಂದು ಸುಲಿದ ಕಿತ್ತಳೆ, ಕೊಡ್ ಮಾರಾಯಾ, ನಾಚ್ಕಿ ಎಂತಕ್ಕೆ, ಇನ್ನ್ ನಿಂದೇ ಹೆಣ್ಣಲ್ದಾ, ಬಾಯಿ ಬಿಡ್ ಹೆಣೆ — ಬಿಟ್ಟೆ, ಮದುವೆ ಬೇಡ ಎನ್ನಲೆಂದೇ ಬಿಟ್ಟೆ, ಸೀಳಿನಿಂದ ಒಂದು ತೊಳೆ ಒಳಗೆ ಬಂತು, ಹುಳಿ, ನುಂಗಿದೆ, ಮತ್ತೆ ಬಾಯಿ ತೆರೆದೆ, ಸೀಳು, ಅವನ ಬೆರಳು, ಇನ್ನೊಂದು ತೊಳೆ —