ಎರ್ರಿಯಪ್ಪ ಕಟ್ಟಿದ ಕಾಲಯಂತ್ರ

ಎರ್ರಿಯಪ್ಪನಿಗೆ ಏನು ಕಟ್ಟಲು ಹೇಳಿದರೂ ಅದು ಕೊನೆಗೆ ಟಿಪ್ಪರ್ ಆಗಿಯೇ ಹೊರಬರುತ್ತಿತ್ತು. ಹೊಸಪೇಟೆಯ ಅವನ ವೆಲ್ಡಿಂಗ್ ಶಾಪಿನ ಮುಂದೆ ಅದಿರು ಲಾರಿಗಳು ಬಾಡಿ ಕಟ್ಟಿಸಿಕೊಳ್ಳಲು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಅದು. ಅಂಥವನ ಬಳಿ ಬೆಂಗಳೂರಿನ ಧಾರಾವಾಹಿಯವರು ಬಂದು, ಮನುಷ್ಯ ನಿಲ್ಲುವಷ್ಟು ದೊಡ್ಡದೊಂದು ಕಾಲಯಂತ್ರ ಬೇಕು ಎಂದರೆ ಪಾಪ ಅವನಾದರೂ ಏನು ಮಾಡಬೇಕು? ಪ್ಲೈವುಡ್ಡಿನಲ್ಲಿ ಮುಗಿಯುವ ಕೆಲಸಕ್ಕೆ ದಪ್ಪ ಕಬ್ಬಿಣದ ಪ್ಲೇಟು ಬಳಸಿದ. ಒಳಗಿನವನ ಮುಖ ಕಾಣಲೆಂದು ಎದುರಿಗೊಂದು ದುಂಡು ಗಾಜು ಕೂರಿಸಿದ. ಬೆನ್ನಿಗೆ ಟಿಪ್ಪರಿನ ಹಿಂಬಾಗಿಲನ್ನೇ ತಂದು ಜೋಡಿಸಿದ.

ಧಾರಾವಾಹಿಯ ಹೆಸರು 'ಮರುಗಳಿಗೆ'. ಏಳು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತಿತ್ತು. ಅದರ ನಾಯಕ ಕಾಲದಿಂದ ಕಾಲಕ್ಕೆ ಹಾರುವವನು. ಹಾರಿದಲ್ಲೆಲ್ಲ ಯಾರ ತಲೆಗಾದರೂ ತೊಂದರೆ ಕಟ್ಟಿ ಬರುವವನು. ಮುನ್ನೂರ ನಲವತ್ತನೆಯ ಕಂತಿನಲ್ಲಿ ಆ ಸರದಿ ವಿಜಯನಗರದ ಒಬ್ಬ ಕಾವಲುಗಾರನದು. ಅವನು ಯಂತ್ರದೊಳಗೆ ಇಣುಕಲು ಹೋಗಿ ಎರಡು ಕಾಲಗಳ ನಡುವೆ ಸಿಕ್ಕಿಬೀಳುತ್ತಾನೆ, ಬಾಗಿಲು ಬಡಿದು ಚೀರುತ್ತಾನೆ. ಆ ಪಾತ್ರ ದಕ್ಕಿದ್ದು ವಡ್ಡು ಎಂಬ ಊರಿನ ಟಿಪ್ಪರ್ ಡ್ರೈವರ್ ಉಜ್ಜಿನಪ್ಪನಿಗೆ. ಅವನಿಗಿದ್ದ ಅರ್ಹತೆ ದಪ್ಪ ಮೀಸೆಯೊಂದೇ. ಹೆಂಡತಿ ವಿರುಪಮ್ಮ ಮಾತ್ರ ಓಣಿಗೆಲ್ಲ ಡಂಗುರ ಹೊಡೆದು ಬಂದಿದ್ದಳು.

ಏಪ್ರಿಲ್ ತಿಂಗಳು, ಕಮಲಾಪುರದಾಚೆಯ ಬಂಡೆಗಳ ನಡುವೆ ಶೂಟಿಂಗ್. ಬೆಳಿಗ್ಗೆ ಎರ್ರಿಯಪ್ಪ ಪೆಟ್ಟಿಗೆಯ ಮುಂಭಾಗಕ್ಕೆ ಜಾಕಿ ಕೊಟ್ಟು ಎತ್ತಿ ತೋರಿಸಿದ. ಪೆಟ್ಟಿಗೆ ಹಿಂದಕ್ಕೆ ವಾಲಿದೊಡನೆ ಕೊಂಡಿ ಕಳಚಿ ಬಾಗಿಲು ತಾನಾಗಿಯೇ ತೆರೆಯಿತು. ಬೆಂಗಳೂರಿನವರು ಚಪ್ಪಾಳೆ ತಟ್ಟಿದರು. ತೆರೆದ ಬಾಗಿಲಿಗೆ ಕೋಲು ಊರಿ ನಿಲ್ಲಿಸಿದರು.

"ಆ ಜಾಕ್ ಕ್ಯಾಮೆರಾಗೆ ಕಾಣ್ತಾ ಇದೆ, ಯಾರಾದ್ರೂ ತೆಗೀರಿ," ಎಂದಳು ಸಹಾಯಕ ನಿರ್ದೇಶಕಿ ಸ್ಫೂರ್ತಿ.

ತೆಗೆದವನು ಉಜ್ಜಿನಪ್ಪನೇ. ಕಾವಲುಗಾರನ ವೇಷದಲ್ಲೇ ಬಗ್ಗಿ ಪೆಟ್ಟಿಗೆ ಇಳಿಸಿ, ಜಾಕಿ ಎಳೆದು, ಒಯ್ದು ಎರ್ರಿಯಪ್ಪನ ಜೀಪಿನಲ್ಲಿಟ್ಟ. ಯಾವ ಗಾಡಿಯ ಸಾಮಾನು ಆ ಗಾಡಿಗೇ ಸೇರಬೇಕು, ಅದು ಡ್ರೈವರನ ಕೈಗೆ ಅಂಟಿದ ರೂಢಿ. ಸ್ವಲ್ಪ ಹೊತ್ತಿಗೆ ಸಂಡೂರು ರಸ್ತೆಯಲ್ಲಿ ಯಾವುದೋ ಲಾರಿ ಮುರಿದು ಬಿದ್ದಿದೆ ಎಂದು ಫೋನ್ ಬಂತು. ಎರ್ರಿಯಪ್ಪ ಜೀಪು ಹತ್ತಿ ಹೋದ. ಜಾಕಿಯೂ ಹೋಯಿತು.

ಮಧ್ಯಾಹ್ನ ಉಜ್ಜಿನಪ್ಪ ಒಳಹೊಕ್ಕ. ಕೋಲು ತೆಗೆದರು. ಬಾಗಿಲು ಬಿತ್ತು, ಕೊಂಡಿ ಖಟ್ ಎಂದು ಕಚ್ಚಿಕೊಂಡಿತು.

ದಿನಕ್ಕೆ ನಾಲ್ಕು ಸಲ ಅದಿರು ಸುರಿಯುವವನಿಗೆ ಅದು ಪರಿಚಯದ ಸದ್ದು. ಆದರೆ ಒಳಗೆ ನಿಂತು ಕೇಳಿದ್ದು ಅದೇ ಮೊದಲು. ಆಗ ಅವನಿಗೆ ಹೊಳೆಯಿತು: ಎತ್ತದೆ ಇದು ತೆರೆಯುವುದಿಲ್ಲ. ಎತ್ತುವ ಜಾಕಿ ಇಲ್ಲಿಲ್ಲ. ಅದನ್ನು ಜೀಪಿಗೆ ಹಾಕಿದವನು ತಾನೇ.

"ಎಲೈ ಪಯಣಿಗನೇ, ನನ್ನನ್ನು ನನ್ನ ಕಾಲಕ್ಕೆ ಮರಳಿಸು!" ಎರಡು ದಿನ ಬಾಯಿಪಾಠ ಮಾಡಿದ ಮಾತನ್ನು ಹೇಗೋ ಹೇಳಿ ಮುಗಿಸಿದ. ಬಿಸಿಲಿಗೆ ಕಬ್ಬಿಣ ಕಾದಿತ್ತು. ಅಂಗೈ ಇಟ್ಟರೆ ಚುರ್ರೆನ್ನುತ್ತಿತ್ತು. ತನ್ನ ಬೆಸುಗೆಯಲ್ಲಿ ಅದಿರಿನ ಪುಡಿಯೂ ಸೋರುವುದಿಲ್ಲ ಎಂಬುದು ಎರ್ರಿಯಪ್ಪನ ಹೆಮ್ಮೆ; ಹಾಳು ಹೆಮ್ಮೆ, ಗಾಳಿ ಬರಲೂ ಒಂದು ಸಂದಿ ಬಿಟ್ಟಿರಲಿಲ್ಲ.

"ಸರ್, ಸಾಕ್ ಮಾಡ್ರಿ! ಮುಂದಿಂದ ಎತ್ರಿ! ಎತ್ತದಿದ್ರ ಇದು ತೆರೆಯಂಗಿಲ್ರಿ!"

ಗಾಜಿನಾಚೆ ನಿರ್ದೇಶಕ ಹೆಬ್ಬೆರಳೆತ್ತಿ ತೋರಿಸಿದ. ಮಾತು ಹೊರಗೆ ಮುಟ್ಟುತ್ತಿರಲಿಲ್ಲ, ಬರೀ ಗದ್ದಲ ಮುಟ್ಟುತ್ತಿತ್ತು. ಉಜ್ಜಿನಪ್ಪ ಬಾಗಿಲು ಬಡಿದ. ಬಡಿಯಬೇಕೆಂದು ಚಿತ್ರಕಥೆಯಲ್ಲೇ ಬರೆದಿತ್ತು. ಚೀರಿದ. ಅದನ್ನೂ ಬರೆದಿತ್ತು. ಗಾಜಿಗೆ ಹಣೆ ಚಚ್ಚಿಕೊಂಡ. ಅದನ್ನು ಬರೆದಿರಲಿಲ್ಲ, ನಿರ್ದೇಶಕನಿಗೆ ಅದು ಇನ್ನೂ ಹಿಡಿಸಿತು. ಕ್ಯಾಮೆರಾ ಹತ್ತಿರಕ್ಕೆ ತರಲು ಸನ್ನೆ ಮಾಡಿದ. ಜೀವ ಹೋಗುವಂತೆ ನಟಿಸು ಎಂದು ಹೇಳಿ ನಿಲ್ಲಿಸಿದ ಮೇಲೆ ಜೀವ ಹೋಗುತ್ತಿದೆ ಎಂದು ಹೇಗೆ ಹೇಳುವುದು?

ಉಸಿರು ಗಂಟಲಲ್ಲೇ ನಿಂತಿತು. ಇಲ್ಲೇ ಸಾಯುತ್ತೇನೆ, ಇಷ್ಟೂ ಜನ ನೋಡುತ್ತಾ ನಿಲ್ಲುತ್ತಾರೆ ಎನಿಸಿತು. ಮದುವೆಯಾಗಿ ಹದಿನೆಂಟು ವರ್ಷ, ಹೆಂಡತಿಯನ್ನು 'ಏ ಇವಳೇ' ಎಂದಲ್ಲದೆ ಕರೆದವನಲ್ಲ. ಹೆಸರು ಹಿಡಿದು ಕರೆದರೆ ಓಣಿಯ ಗಂಡಸರು ನಕ್ಕಾರು ಎಂಬ ನಾಚಿಕೆ. ಆ ಹೊತ್ತಿನಲ್ಲಿ ಬಾಯಿಗೆ ದೇವರ ಹೆಸರು ಬರಲಿಲ್ಲ. "ವಿರುಪಮ್ಮಾ," ಎಂದ. ಗಾಜಿಗೆ ಬಾಯಿ ಒತ್ತಿ ಮತ್ತೆ ಮತ್ತೆ ಅದನ್ನೇ ಅಂದ.

ಟೇಕ್ ಮುಗಿಯಿತು. ನಾಲ್ಕು ಜನ ಬಾಗಿಲು ಜಗ್ಗಿದರು, ಅದು ಜಗ್ಗಲಿಲ್ಲ. ನಿರ್ದೇಶಕನ ಮುಖ ಬಿಳಿಚಿದ್ದನ್ನು ಉಜ್ಜಿನಪ್ಪ ಗಾಜಿನೊಳಗಿಂದಲೇ ಕಂಡ. ಜಾಕಿ ತಾ ಎಂದು ಫೋನ್ ಮಾಡಿದರೆ ಎರ್ರಿಯಪ್ಪ, "ಹಿಂದ ನೂರು ಲಾರಿ, ಮುಂದ ನೂರು ಲಾರಿ ನಿಂತಾವ್ರೀ, ಹಾರಿ ಬರ್ಲೇನು?" ಎಂದನಂತೆ. ಉಜ್ಜಿನಪ್ಪನ ಕಣ್ಣು ಕತ್ತಲೆಗಟ್ಟುವಷ್ಟರಲ್ಲಿ, ಊಟಕ್ಕೆ ಕೂತಿದ್ದ ಸೈನಿಕ ವೇಷದವರ ಗುಂಪಿನಿಂದ ಒಬ್ಬ ಎದ್ದು ಓಡಿಬಂದ. ಅವನು ಕನಕರಾಜ್, ಅವನೂ ಟಿಪ್ಪರ್ ಡ್ರೈವರೇ.

"ಲೇ, ಇದು ಟಿಪ್ಪರ್ ಬಾಗ್ಲಲೇ! ಮುಂದ ಎತ್ರಲೇ, ಜಲ್ದಿ!"

ವಿಜಯನಗರದ ಹನ್ನೆರಡು ಜನ ಸೈನಿಕರು ಬೊಂಬು ಕೊಟ್ಟು ಮೀಟಿದರು. ಕೊಂಡಿ ಕಳಚಿತು. ಉಜ್ಜಿನಪ್ಪ ಅದಿರಿನ ಹಾಗೆ ಮಣ್ಣಿಗೆ ಸುರಿದು ಬಿದ್ದ.

ನಿರ್ದೇಶಕ ಒಳ್ಳೆಯವನೇ. ಕೈಯಾರೆ ನೀರು ಕುಡಿಸಿದ, ಕ್ಷಮೆ ಕೇಳಿದ, ಕಣ್ಣಲ್ಲಿ ನೀರೂ ತಂದ. ಆಮೇಲೆ ಮೆಲ್ಲಗೆ, "ಆದ್ರೂ ಟೇಕ್ ಅದ್ಭುತವಾಗಿ ಬಂದಿದೆ, ಅದನ್ನೇ ಇಟ್ಕೊಳ್ತೀನಿ," ಎಂದ.

ಮನೆಯಲ್ಲಿ ವಿರುಪಮ್ಮ, "ಹೆಂಗಾತ್ರೀ?" ಎಂದು ಕೇಳಿದಳು. "ಚಲೋ ಆತು," ಎಂದ. ಸುಟ್ಟ ಅಂಗೈಗೆ ಎಂಜಿನ್ ತಗುಲಿತೆಂದು ಸುಳ್ಳು ಹೇಳಿದ. ತಾನೇ ಜಾಕಿ ತೆಗೆದು ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದು ಹೆಂಡತಿಯನ್ನು ಕರೆದೆ ಎಂದು ಯಾವ ಬಾಯಲ್ಲಿ ಹೇಳುವುದು?

ಮೂರು ವಾರದ ಮೇಲೆ, ಭಾನುವಾರ, ಕಂತು ಬಂತು. ಓಣಿಯೆಲ್ಲ ಅವನ ಮನೆಯಲ್ಲೇ ತುಂಬಿತ್ತು. ದುಂಡು ಗಾಜಿನಲ್ಲಿ ತನ್ನ ಮುಖ ಕಂಡೊಡನೆ ಉಜ್ಜಿನಪ್ಪನಿಗೆ ಮತ್ತೆ ಉಸಿರು ಹಿಡಿಯಿತು. ಬಾಯಿ ಅವನದು, ದನಿ ಮಾತ್ರ ಬೇರೆ ಯಾರದೋ. ಬೆಂಗಳೂರಿನಲ್ಲಿ ಡಬ್ ಮಾಡಿಸಿದ್ದರು. "ಎಲೈ ಪಯಣಿಗನೇ! ಎಲೈ ಪಯಣಿಗನೇ!" ಎಂದು ಆ ಗಂಭೀರ ದನಿ ಗುಡುಗಿತು. ಅವನ ಒಂದು ಕೂಗನ್ನೂ ಉಳಿಸಿರಲಿಲ್ಲ.

"ಏನ್ ಮಸ್ತ್ ಪಾರ್ಟ್ ಮಾಡ್ಯಾನವ್ವಾ!" ಎಂದಳು ಪಕ್ಕದ ಮನೆಯ ಯಲ್ಲಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ಉಜ್ಜಿನಪ್ಪ ನಗಲು ನೋಡಿದ, ಆಗಲಿಲ್ಲ.

ವಿರುಪಮ್ಮ ಚಪ್ಪಾಳೆ ತಟ್ಟಲಿಲ್ಲ. ಚಹಾದ ತಟ್ಟೆ ಹಿಡಿದು ನಿಂತವಳು ಟಿವಿಯಲ್ಲಿನ ಆ ತುಟಿಗಳನ್ನೇ ನೋಡುತ್ತಿದ್ದಳು. ತಟ್ಟೆ ಕೆಳಗಿಟ್ಟು ಬಂದು ಗಂಡನ ಪಕ್ಕದಲ್ಲಿ ಕುಳಿತಳು.

"ಅಲ್ಲಿ ನನ್ನ ಹೆಸರು ಕರ್ಯಾಕತ್ತೀರಿ," ಎಂದಳು, ಅವನಿಗಷ್ಟೇ ಕೇಳುವಂತೆ. "ಖರೇನ ಸಿಕ್ಕೊಂಡಿದ್ರೇನು?"

ಉಜ್ಜಿನಪ್ಪ ಹೂಂ ಎಂದ. ಆಮೇಲೆ ಓಣಿಯವರ ಮುಂದೆ, ಮೀಸೆಯ ಮುಲಾಜೂ ಇಲ್ಲದೆ, ಅವಳ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ.